ಡೈರಿಯಲ್ಲಿ ಇಲ್ಲದ ಎರಡು ಡ್ರಮ್ ನೀರು

(ಹೆಸರು, ಕೆಲಸ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಹೆಸರು ಪ್ರಭಾಕರ ಅಂತ ಇಟ್ಟುಕೊಳ್ಳೋಣ. ವಯಸ್ಸು 42. ಬೀದರ್ ಕಡೆಯ ಮೆಥಡಿಸ್ಟ್ ಕ್ರೈಸ್ತ ಕುಟುಂಬ. ಮುಂಬಯಿ ಹತ್ತಿರದ ಕಲ್ಯಾಣದ ಒಂದು ಚಾಳಿನಲ್ಲಿ ಮನೆ, ಮುಂಬಯಿಯ ಫೋರ್ಟ್‌ನಲ್ಲಿ ಲೆಕ್ಕ ಬರೆಯುವ ಕೆಲಸ. ಹೆಂಡತಿ ನರ್ಸ್, ತಿಂಗಳಲ್ಲಿ ಹದಿನೈದು ದಿನ ನೈಟ್ ಡ್ಯೂಟಿ. ಮಗಳು ಒಬ್ಬಳೇ, ಒಂಬತ್ತನೇ ಕ್ಲಾಸು.

ಅವರು ನನ್ನ ಹತ್ತಿರ ಸಲಹೆಗೆ ಬಂದಿದ್ದು ಮಗಳ ವಿಷಯಕ್ಕೆ. "ಅಕ್ಕಾವ್ರೇ, ಹುಡುಗಿ ಚರ್ಚಿಗೆ ಬರಂಗಿಲ್ಲ ಅಂತಾಳ. ನೀವಾದ್ರೂ ಬುದ್ಧಿ ಹೇಳ್ರಿ" ಅಂದರು. ಅವಳು ಏನಂದಳು ಅಂತ ಕೇಳಿದೆ. ಸ್ವಲ್ಪ ಹೊತ್ತು ನೆಲ ನೋಡುತ್ತಾ ಕೂತರು.

"'ಪಪ್ಪಾ, ನಿಮಗ ದೇವರಂದ್ರ ಬರೀ ಹೆದರಿಕಿ. ನನಗೂ ಅದನ್ನ ಯಾಕ ಕಲಿಸ್ತೀರಿ?' ಅಂದ್ಳ್ರಿ."

ಮಗಳನ್ನು ಕರೆದುಕೊಂಡು ಬನ್ನಿ ಅಂತ ನಾನು ಹೇಳಲಿಲ್ಲ. ನೀವೇ ಇನ್ನೊಂದು ಸಲ ಬನ್ನಿ ಅಂದೆ.

ಎರಡನೇ ಸಲ ಒಂದು ಡೈರಿ ತಂದರು. ರಟ್ಟು ಹರಿದು, ಸೆಲ್ಲೋಟೇಪ್ ಹಚ್ಚಿದ ಡೈರಿ. ಪ್ರತಿ ಪುಟದಲ್ಲೂ ಸ್ಕೇಲ್ ಇಟ್ಟು ಎಳೆದ ನಾಲ್ಕು ಕಾಲಂ: ಪ್ರಾರ್ಥನೆ, ವಾಕ್ಯ (ಅಂದರೆ ಬೈಬಲ್ ವಚನ), ಆರಾಧನೆ, ದಶಮಭಾಗ (ಆದಾಯದಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ). ಮಾಡಿದ್ದಕ್ಕೆ ನೀಲಿ ಟಿಕ್, ತಪ್ಪಿದ್ದಕ್ಕೆ ಕೆಂಪು ಕ್ರಾಸ್. ಮಗಳದ್ದೂ ಅದರಲ್ಲೇ, ಅವಳ ಆರನೇ ವರ್ಷದಿಂದ. ಒಂದು ಭಾನುವಾರದ ಕ್ರಾಸನ್ನು ಪೆನ್ನು ಒತ್ತಿ ಬರೆದು ಹಾಳೆಯೇ ತೂತಾಗಿತ್ತು. ಅವತ್ತು ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆ ಲೋಕಲ್ ರೈಲು ಕಡಿಮೆ. ಮಗಳಿಗೆ ಜ್ವರ ಇದ್ದರೂ ಎಳೆದುಕೊಂಡು ಹೊರಟಿದ್ದರು. ತಲುಪುವಷ್ಟರಲ್ಲಿ ಆರಾಧನೆ ಮುಗಿದಿತ್ತು. ಜ್ವರ ಮೂರು ದಿನ ಇಳಿಯಲಿಲ್ಲ. ಹಿಂದಿನ ತಿಂಗಳು ದಶಮಭಾಗ ಕಡಿಮೆ ಕೊಟ್ಟಿದ್ದಕ್ಕೇ ಹೀಗಾಯಿತು ಅಂತ ಅವರಿಗೆ ಇವತ್ತಿಗೂ ಅನುಮಾನ.

ಈ ಭಯ ಎಲ್ಲಿಂದ ಬಂತು ಅಂತ ಹುಡುಕಲು ತುಂಬಾ ದೂರ ಹೋಗಬೇಕಾಗಲಿಲ್ಲ. ಚಿಕ್ಕವರಿದ್ದಾಗ ವಾಕ್ಯ ಬಾಯಿಪಾಠ ತಪ್ಪಿದರೆ ತಂದೆ ರಾತ್ರಿ ಊಟ ಕೊಡುತ್ತಿರಲಿಲ್ಲ.

ಇಂಥ ಕಡೆ ಇನ್ನೊಂದನ್ನೂ ನೋಡಲೇಬೇಕು. ಪ್ರಾರ್ಥನೆ ಸರಿಯಾಗಲಿಲ್ಲ ಅಂತ ಮತ್ತೆ ಮತ್ತೆ ಮೊದಲಿಂದ ಹೇಳ್ತೀರಾ? ಕೆಟ್ಟ ಯೋಚನೆ ನಿಲ್ಲದೆ ಬರುತ್ತಾ? ನಿದ್ದೆ ಹೇಗಿದೆ? ಎಲ್ಲ ಕೇಳಿದೆ. ಹಾಗೇನೂ ಇರಲಿಲ್ಲ. ಇದ್ದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಗೀಳಿನ ಕಾಯಿಲೆ ಭಕ್ತಿಯ ವೇಷದಲ್ಲೂ ಬರುತ್ತದೆ, ಅದಕ್ಕೆ ಔಷಧ ಇದೆ. "ಇನ್ನೂ ಜಾಸ್ತಿ ಪ್ರಾರ್ಥಿಸಿ" ಅಂತ ಅಂಥವರಿಗೆ ಹೇಳುವುದು ದೊಡ್ಡ ತಪ್ಪು.

ಆಮೇಲೆ ಸುಮ್ನೆ ಮನೆ ವಿಷಯ ಕೇಳಿದೆ. ಬೆಳಿಗ್ಗೆ ಎಷ್ಟಕ್ಕೆ ಏಳ್ತೀರಿ? ಐದಕ್ಕೆ ಮುಂಚೆ. ಯಾಕೆ? ಐದಕ್ಕೆ ನೀರು ಬರುತ್ತದೆ, ಎರಡು ಡ್ರಮ್ ತುಂಬಿಸಬೇಕು. ರಾತ್ರಿಯಿಡೀ ನಿಂತು ಬರುವ ಹೆಂಡತಿಗೆ ಸ್ನಾನಕ್ಕೆ ನೀರಿರಬೇಕಲ್ಲ. ಕಾಲು ಊದಿದ್ದರೆ ಬಕೆಟ್‌ನಲ್ಲಿ ಬಿಸಿನೀರಿಗೆ ಉಪ್ಪು ಹಾಕಿ ಇಟ್ಟಿರುತ್ತಾರಂತೆ.

"ಇದು ಡೈರಿಯಲ್ಲಿ ಯಾವ ಕಾಲಂನಲ್ಲಿದೆ?" ಅಂದೆ.

"ಇದನ್ನ ಯಾಕ ಬರೀಬೇಕ್ರಿ?" ಅಂದರು. ಅಂದವರೇ ಡೈರಿ ಮುಚ್ಚಿದರು.

ಅವತ್ತು ನಾವು ಬೈಬಲ್ಲಿನ ಯೋಹಾನನ ಸುವಾರ್ತೆ ತೆರೆದೆವು. ನನ್ನನ್ನು ಪ್ರೀತಿಸಿದರೆ ನನ್ನ ಆಜ್ಞೆಗಳಂತೆ ನಡೆಯುವಿರಿ ಅಂತ ಯೇಸು ಹೇಳುವುದು 14ನೇ ಅಧ್ಯಾಯದಲ್ಲಿ. ಇದನ್ನು ಅವರು ಹುಡುಗನಿದ್ದಾಗಿನಿಂದ ಬೆದರಿಕೆ ಅಂತಲೇ ಕೇಳಿದ್ದರು: ಪ್ರೀತಿ ಇದೆ ಅಂತೀಯಲ್ಲ, ಹಾಗಾದರೆ ತೋರಿಸು! ಆದರೆ ಅದಕ್ಕೆ ಮುಂಚೆ 13ನೇ ಅಧ್ಯಾಯ ಇದೆಯಲ್ವಾ? ಅದೇ ರಾತ್ರಿ ಆತ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ. ಮೊದಲು ಕಾಲು ತೊಳೆದ, ಆಮೇಲೆ ಆಜ್ಞೆಯ ಮಾತು ಆಡಿದ. ಹತ್ತು ಆಜ್ಞೆಗಳೂ ಹಾಗೇ. ಬೈಬಲ್ಲಿನದೇ ವಿಮೋಚನಕಾಂಡದ 20ನೇ ಅಧ್ಯಾಯ "ಮಾಡಬೇಡ" ಅಂತ ಶುರುವಾಗುವುದಿಲ್ಲ. ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ನಿನ್ನನ್ನು ಬಿಡಿಸಿದವನು ನಾನು ಅಂತ ಶುರುವಾಗುತ್ತದೆ. ಬಿಡುಗಡೆ ಆದವರಿಗೆ ಕೊಟ್ಟ ಮಾತು ಅದು. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಅಂತ ಪ್ರೊಟೆಸ್ಟೆಂಟರ ಒಂದು ಬೋಧನೆಯ ಪುಸ್ತಕ ಇದೆ; ಅದು ಹತ್ತು ಆಜ್ಞೆಗಳ ವಿವರಣೆಯನ್ನು ಇಟ್ಟಿರುವುದೂ ಕೃತಜ್ಞತೆ ಎಂಬ ಮೂರನೇ ಭಾಗದಲ್ಲಿ. ನನಗೆ ಇದು ತುಂಬಾ ಹಿಡಿಸಿದ ಜಾಗ, ಹಾಗಾಗಿ ಅವತ್ತು ಸ್ವಲ್ಪ ಜಾಸ್ತಿಯೇ ಮಾತಾಡಿದೆ.

ಎರಡು ವಾರ ಬಿಟ್ಟು ಬಂದರು. ಡೈರಿಯಲ್ಲಿ ಐದನೇ ಕಾಲಂ. ಮೇಲೆ "ಪ್ರೀತಿ" ಅಂತ ಬರೆದಿದ್ದರು. ಕೆಳಗೆ ಹನ್ನೊಂದು ಕೆಂಪು ಕ್ರಾಸ್.

ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಪ್ರೀತಿಯಿಂದ ಮಾಡಿ ಅನ್ನುವುದನ್ನೂ ಹನ್ನೊಂದನೇ ಆಜ್ಞೆಯಾಗಿ ಅವರ ತಲೆಗೆ ಹೊರಿಸಿದ್ದೆ. ಪ್ರಾರ್ಥನೆಗೆ ಕೂತಾಗ ಮನಸ್ಸು ಉಕ್ಕಿ ಬರಲಿಲ್ಲ ಅಂದರೆ ಅದೂ ಪಾಪ ಅಂತ ಎಣಿಸಿದ್ದರು.

ಹಾಗಾಗಿ ಈ ಸಲ ಹೇಳಿದ್ದು ಚಿಕ್ಕ ಮಾತು. ಹೆಂಡತಿ ಜೊತೆ ಜಗಳವಾದ ಮರುದಿನ ನೀರು ತುಂಬಿಸುವುದಿಲ್ವಾ? ತುಂಬಿಸುತ್ತೀರಿ. ಅವತ್ತು ಮನಸ್ಸಿನಲ್ಲಿ ಏನೂ ಉಕ್ಕುವುದಿಲ್ಲ, ಆದರೂ ಅದು ಪ್ರೀತಿಯೇ. ನೀರಿಲ್ಲದಿದ್ದರೆ ಅವಳು ಬಿಟ್ಟುಹೋಗುತ್ತಾಳೆ ಅಂತ ನೀವು ತುಂಬಿಸುತ್ತಿಲ್ಲ. ಅವಳ ಕಾಲು ನೋಯುತ್ತದೆ ಅಂತ ತುಂಬಿಸುತ್ತೀರಿ. ಬೇಜಾರಾದ ದಿನವೂ ಪ್ರಾರ್ಥನೆಗೆ ಕೂರಿ, ಎರಡೇ ಮಾತಾಡಿ ಎದ್ದರೂ ಆಯಿತು. ದಶಮಭಾಗ ಕೊಡಿ, ಆದರೆ ಜ್ವರದ ಔಷಧ ಅಂತ ಕೊಡಬೇಡಿ. ಡೈರಿಯನ್ನು ಒಂದು ತಿಂಗಳು ಹೆಂಡತಿಯ ಕೈಗೆ ಕೊಡಿ. ಮಗಳಿಗೆ ಬುದ್ಧಿ ಹೇಳುವ ಮುಂಚೆ ಆ ಜ್ವರದ ಭಾನುವಾರಕ್ಕೆ ಕ್ಷಮೆ ಕೇಳಿ.

ಕೊನೆಯದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಮೂರು ವಾರ ಹಿಡಿಯಿತು. ಕೇಳಿದಾಗ ಮಗಳು ಏನೂ ಹೇಳದೆ ಎದ್ದು ಒಳಗೆ ಹೋದಳಂತೆ. ಆಮೇಲೆ ಹೊರಗೆ ಬಂದು, ಅವರು ಕುಡಿದಿಟ್ಟ ಚಹಾದ ಲೋಟ ತೊಳೆದಿಟ್ಟಳಂತೆ.

ಕೊನೆಯ ಭೇಟಿಯಲ್ಲಿ ಹಿಂದಿನ ಭಾನುವಾರದ ಸುದ್ದಿ ಹೇಳಿದರು. "ಬರ್ತೀ ಏನವ್ವಾ?" ಅಂತ ಒಂದೇ ಸಲ ಕೇಳಿದ್ದಾರೆ. "ಇವತ್ತು ಬ್ಯಾಡ ಪಪ್ಪಾ" ಅಂದಳು. "ಉಪ್ಪಿಟ್ಟು ಮುಚ್ಚಿಟ್ಟೀನಿ, ಉಣ್ಣು" ಅಂತ ಹೇಳಿ ಒಬ್ಬರೇ ಹೊರಟರು. ಲೋಕಲ್ ಟ್ರೈನಿನಲ್ಲಿ ಠಾಣೆವರೆಗೂ ಕೈ ಜೇಬಿನಲ್ಲಿ ಪೆನ್ನು ಹುಡುಕುತ್ತಲೇ ಇತ್ತಂತೆ. ಆಮೇಲೆ ಸೀಟು ಸಿಕ್ಕಿತು, ಕೂತು ನಿದ್ದೆ ಮಾಡಿದರು.