ಕರೆಂಟ್ ಹೋದಾಗ ಕೇಳಿಸಿದ ಬಾಖ್

ಪ್ರಶ್ನೆ: ನಮ್ಮ ಮಗ ಬಿ.ಇ. ಓದ್ಲಕತ್ಯಾನ್ರಿ, ದಿನಾ ಸಂಜೀಕ ಎಲೆಕ್ಟ್ರಿಕ್ ಗಿಟಾರ್ ಹಿಡ್ಕೊಂಡು 'ಬೂರೇ' ಅನ್ನೋ ಒಂದೇ ಟ್ಯೂನ್ ಬಾರಿಸ್ತಾನ, ಜರ್ಮನಿಯ ಹಳೇ ಕಾಲದ ಸಂಗೀತಗಾರ ಬಾಖ್ ಬರೆದದ್ದು, ರಾಕ್ ಬ್ಯಾಂಡ್‌ನವರೂ ಬಾರಿಸ್ಯಾರ ಅಂತಾನ. ನಮ್ಮ ಮಾವನವರು ಹಾರ್ಮೋನಿಯಂ ಕಲ್ತವರು, ಶಾಸ್ತ್ರೀಯ ಸಂಗೀತ ಹಿಂಗ ಕೆಡಸಬ್ಯಾಡ ಅಂತ ಸಿಟ್ಟಿಗೇಳ್ತಾರ. ಆದ್ರ ಮೊನ್ನೆ ಕರೆಂಟ್ ಹೋದಾಗ ಅಂವ ಹಂಗೇ ಬಾರಿಸ್ಲಕತ್ತಿದ್ದ, ಅವರೇ ಬಂದು ಬಾಜೂಕ ಕುಂತು ಕೇಳಿದ್ರು. ಇದಕ್ಕ ಏನನ್ಬೇಕ್ರಿ?
— ಓದುಗರು, ಬೀದರ್

ಉತ್ತರ: ಅಕ್ಕೋರೆ, ನಿಮ್ಮ ಮಾವನವರ ಕಿವಿ ಭಾಳ ಛಲೋ ಅದ. ತಪ್ಪು ಇದ್ರ ರಾಕ್‌ದಾಗಿಲ್ಲ, ಹುಡುಗನ ಗಿಟಾರ್ ದನಿ ದೊಡ್ಡದು ಮಾಡೋ ಆಂಪ್‌ನಾಗ ಅದ. ಈ ಬೂರೇದಾಗ ಎರಡು ಧಾಟಿ ಜೋಡಿ ನಡೀತಾವ್ರಿ, ಶುರುವಿಗೇ ಸಣ್ಣ ತಂತಿ ಮ್ಯಾಲ ಸಾ ರೇ ಕೋಮಲ ಗ ಅಂತ ಏರ್ತದ, ಅದೇ ಹೊತ್ತಿಗೆ ದಪ್ಪ ತಂತಿ ಮ್ಯಾಲ ಅವೇ ಮೂರು ಸ್ವರ ಗ ರೇ ಸಾ ಅಂತ ಇಳೀತಾವ, ನಡುವಿನ ರೇದಾಗ ಎರಡೂ ಭೇಟಿ ಆಗ್ತಾವ. ಡಿಸ್ಟಾರ್ಷನ್ (ದನಿ ಬೇಕಂತಲೇ ಒರಟು ಮಾಡೋದು) ಹಚ್ಚಿದ್ರ ಎರಡೂ ತಂತಿ ದನಿ ಕಲಸಿ ಒಂದೇ ಮುದ್ದಿ. ಕರೆಂಟ್ ಹೋದಾಗ ಬಿಡಿಬಿಡಿಯಾಗಿ ಕೇಳ್ಯಾವ, ಅದಕ್ಕೇ ಅವರು ಬಂದು ಕುಂತಾರ.

1969ರಾಗ ಜೆಥ್ರೋ ಟಲ್ ಬ್ಯಾಂಡ್‌ನವರು ಇದನ್ನ ಮಾಡಿದಾಗ ಇಯಾನ್ ಆಂಡರ್ಸನ್ ಮ್ಯಾಲಿನ ಧಾಟಿ ಕೊಳಲಿನಾಗ ಹಿಡಿದ, ಕೆಳಗಿಂದು ಬೇಸ್ ಗಿಟಾರ್‌ಗೆ ಬಿಟ್ಟ, ಹಿಂಗಾಗಿ ಡ್ರಮ್ಸ್ ಇದ್ರೂ ಎರಡೂ ಸ್ವಚ್ಛ ಕೇಳಿಸ್ತಾವ. ನಡುವ ತಮ್ಮ ಮನಸ್ಸಿಗೆ ಬಂದಂಗ ವಿಸ್ತಾರ ಮಾಡಿ ಮತ್ತ ಟ್ಯೂನ್‌ಗೇ ಬರ್ತಾರ, ನಮ್ಮವರು ತಾನ ಹೊಡೆದು ಮುಖಡಾಕ್ಕ ಬಂದು ಕೂಡ್ತಾರಲ್ಲ ಹಂಗ, ಇದನ್ನ ಮಾವನವರಿಗೆ ಅವಶ್ಯ ಕೇಳಸ್ರಿ. ಮತ್ತ ಬೂರೇ ಅಂದ್ರ ಫ್ರಾನ್ಸ್ ಕಡಿ ಕುಣಿತದ ಹೆಸರು, ಕಾಲು ಹಾಕಲಿಕ್ಕೇ ಹುಟ್ಟಿದ್ದು.

ವಾದ್ಯ ಬದಲಾದ್ರ ಕೆಡ್ತದ ಅನ್ನೋದು ನಾ ಒಪ್ಪಂಗಿಲ್ರಿ. ಮುಸೋರ್ಗ್‌ಸ್ಕಿ ಅನ್ನೋ ರಷ್ಯಾದ ಸಂಗೀತಗಾರ 1874ರಾಗ ಚಿತ್ರಪ್ರದರ್ಶನದ ನೆನಪಿಗೆ ಬರೆದದ್ದು ಬರೀ ಪಿಯಾನೋಕ್ಕ, 1922ರಾಗ ಫ್ರಾನ್ಸ್ ಸಂಗೀತಗಾರ ರಾವೆಲ್ ಆರ್ಕೆಸ್ಟ್ರಾಕ್ಕ ತಂದ, 1971ರಾಗ ಎಮರ್ಸನ್, ಲೇಕ್ ಅಂಡ್ ಪಾಮರ್ ಅನ್ನೋ ಬ್ಯಾಂಡಿನವರು ರಾಕ್ ಮಾಡಿ ಸ್ಟೇಜ್ ಮ್ಯಾಲ ಬಾರಿಸಿದ್ರು. ನಮ್ಮ ಕಡಕೋಳ ಮಡಿವಾಳಪ್ಪನವರ ತತ್ವಪದ ಏಕತಾರಿ ಮ್ಯಾಲೂ ಕೇಳೀವಿ, ಹಾರ್ಮೋನಿಯಂ ತಬಲಾ ಮ್ಯಾಲೂ ಕೇಳೀವಿ, ಎರಡರಾಗೂ ಕಣ್ಣಾಗ ನೀರು ಬರ್ತದ. ಆದ್ರ ಬೀಥೋವನ್‌ನ ಐದನೇ ಸಿಂಫನಿ ಶುರುವಿನ ನಾಕು ಸ್ವರ ಹಿಡ್ಕೊಂಡು 1976ರಾಗ ಬಂದ ಡಿಸ್ಕೋ ಅಮೆರಿಕಾದಾಗ ನಂಬರ್ ಒನ್ ಆದ್ರೂ ನನಗ ಹಿಡಿಸಂಗಿಲ್ಲ, ಆ ಸ್ವರ ಬೆಳ್ಕೋತ ಹೋಗೋದೇ ಅದರಾಗ ಬಿಟ್ಟುಹೋಗ್ಯಾದ.

ನಿಮ್ಮ ಮಗನಿಗೆ ಡಿಸ್ಟಾರ್ಷನ್ ತಗದು ಕ್ಲೀನ್ ಟೋನ್ ಮ್ಯಾಲ ಸಾವಕಾಶ ಬಾರಿಸು ಅನ್ರಿ. ಮ್ಯಾಲಿನ ಧಾಟಿ ಅಂವ ಬಾರಿಸ್ಲಿ, ಕೆಳಗಿಂದು ಮಾವನವರು ಹಾರ್ಮೋನಿಯಂ ಮ್ಯಾಲ ತಗೊಳ್ಳಿ, ಬಿಳಿ ಮೂರಕ್ಕ ಸಾ ಹಿಡಿದ್ರ ಗಿಟಾರ್‌ಗೆ ಬರೋಬ್ಬರಿ ಕೂಡ್ತದ.