ಆರ್‌ಟಿಇ ಸೀಟು ಸಿಕ್ಕರೆ ಖಾಸಗಿ ಶಾಲೆಯ ಎಲ್ಲ ಖರ್ಚನ್ನೂ ಸರ್ಕಾರವೇ ಭರಿಸುತ್ತದೆಯೇ?

ನಿಮ್ಮ ಯಜಮಾನರು ಆಟೋ ಓಡಿಸುತ್ತಾರೆ, ವರ್ಷದ ಆದಾಯ ಎರಡು ಲಕ್ಷ ದಾಟುವುದಿಲ್ಲ, ಮಗನನ್ನು ಮನೆಯ ಹತ್ತಿರದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಅಡಿಯಲ್ಲಿ ಸೇರಿಸಿದರೆ ಖರ್ಚೆಲ್ಲ ಸರ್ಕಾರದ್ದೇ ಆಗುತ್ತದೆಯೇ ಎಂದು ಕೇಳಿದ್ದೀರಿ. ನನ್ನ ಮಗಳು 2016ರಲ್ಲಿ ಇದೇ ಕೋಟಾದಲ್ಲಿ ನಮ್ಮ ವಾರ್ಡಿನ ಒಂದು ಶಾಲೆಗೆ ಒಂದನೇ ತರಗತಿಗೆ ಸೇರಿ ಎಂಟನೆಯವರೆಗೆ ಅಲ್ಲಿಯೇ ಓದಿದಳು. ಆ ಅನುಭವದ ಮೇಲೆ ಹೇಳುವುದಾದರೆ, ಸರ್ಕಾರ ಕೊಡುವುದು ಶುಲ್ಕದ ಒಂದು ಭಾಗವನ್ನು, ಅದೂ ಎಂಟನೇ ತರಗತಿಯವರೆಗೆ; ಇಂದಿನ ಬೆಂಗಳೂರಿನಲ್ಲಂತೂ ಅಂಥ ಸೀಟು ಸಿಗುವುದೇ ದುರ್ಲಭ.

2009ರ ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ವಿಧಿಯ ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ಹಂತದ ಶೇ 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ ಮತ್ತು ಅವಕಾಶವಂಚಿತ ಸಮುದಾಯಗಳ ಮಕ್ಕಳಿಗೆ ಕೊಡಬೇಕು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತಾದರೂ ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನು ಹೊರಗಿಟ್ಟಿತು. ಕರ್ನಾಟಕದಲ್ಲಿ ಆದಾಯದ ಮಿತಿ 3.5 ಲಕ್ಷ ರೂಪಾಯಿಯಾಗಿದ್ದುದರಿಂದ ನಮ್ಮಂಥವರಿಗೂ ಅರ್ಜಿ ಹಾಕಲು ಸಾಧ್ಯವಾಯಿತು. ನಾಡಕಚೇರಿಗೆ ಅಲೆದು ಜಾತಿ-ಆದಾಯ ಪ್ರಮಾಣಪತ್ರ ತಂದದ್ದು, ಸೀಟು ಹಂಚುವ ಲಾಟರಿಯಲ್ಲಿ ಹೆಸರು ಬಂದಿದೆ ಎಂಬ ಎಸ್‌ಎಂಎಸ್ ನೋಡಿ ಮನೆಯಾಕೆ ಅತ್ತದ್ದು ನಿನ್ನೆ ಮೊನ್ನೆಯದೆನಿಸುತ್ತದೆ.

ಹಣದ ಲೆಕ್ಕವನ್ನು ನೀವು ಮೊದಲೇ ತಿಳಿದುಕೊಳ್ಳಬೇಕು, ಏಕೆಂದರೆ ತೊಡಕೆಲ್ಲ ಹುಟ್ಟುವುದು ಅಲ್ಲಿ. ಸರ್ಕಾರ ತನ್ನ ಶಾಲೆಗಳಲ್ಲಿ ಒಂದು ಮಗುವಿಗೆ ಮಾಡುವ ವೆಚ್ಚ ಅಥವಾ ಖಾಸಗಿ ಶಾಲೆಯ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮಾತ್ರ ಶಾಲೆಗೆ ಮರುಪಾವತಿ ಮಾಡುತ್ತದೆ. ಮಗಳು ಸೇರಿದಾಗ ಒಂದನೇ ತರಗತಿಗೆ ಈ ಮಿತಿ 11,848 ರೂಪಾಯಿ ಇತ್ತು. ಆಮೇಲೆ 16,000ಕ್ಕೆ ಏರಿತು. ಅದೇ ತರಗತಿಯ ಉಳಿದ ಮಕ್ಕಳಿಂದ ನಮ್ಮ ಶಾಲೆ ಪಡೆಯುತ್ತಿದ್ದ ಶುಲ್ಕ ಇದರ ಮೂರು ಪಟ್ಟಿಗೂ ಹೆಚ್ಚು. ಸರ್ಕಾರದ ಹಣ ತಡವಾಗಿ ಬರುತ್ತದೆ ಎಂಬುದು ಶಾಲೆಗಳ ಹಳೆಯ ದೂರು, ಅದನ್ನು ಸುಳ್ಳೆಂದು ನಾನು ಹೇಳಲಾರೆ. ಆದರೆ ಆ ಕೊರತೆಯನ್ನು ತುಂಬಿಸಿಕೊಳ್ಳಲು ಅವರು ಹುಡುಕಿಕೊಂಡ ದಾರಿ ನಮ್ಮ ಜೇಬಿನದ್ದಾಗಿತ್ತು. ಪ್ರತಿ ಜೂನ್‌ನಲ್ಲಿ ಮಗಳ ಡೈರಿಯೊಳಗೆ ಒಂದು ಹಳದಿ ಚೀಟಿ ಬರುತ್ತಿತ್ತು: ಪುಸ್ತಕ, ಎರಡು ಜೊತೆ ಸಮವಸ್ತ್ರ, ಬೂಟು, ಸ್ಮಾರ್ಟ್ ಕ್ಲಾಸ್, ‘ಚಟುವಟಿಕೆ’. ಮೂರನೇ ತರಗತಿಯ ವರ್ಷ ಒಟ್ಟು 14,600 ರೂಪಾಯಿ ಆಗಿತ್ತು. ಉಚಿತ ಶಿಕ್ಷಣವೆಂದರೆ ಇದೇನೇ ಎಂದು ಆಫೀಸಿನಲ್ಲಿ ಕೇಳಿದರೆ, ಗುಮಾಸ್ತರು ತಲೆಯೆತ್ತದೆ, ‘ಸರ್, ಫೀಸು ತಾನೇ ಫ್ರೀ?’ ಎಂದರು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಲಿಖಿತ ದೂರು ಕೊಟ್ಟ ಮೇಲೆ ‘ಚಟುವಟಿಕೆ’ಯ ಸಾಲೊಂದು ಚೀಟಿಯಿಂದ ಮಾಯವಾಯಿತು, ಉಳಿದವು ಹಾಗೆಯೇ ಉಳಿದವು.

ಕಾಯ್ದೆ ಇರುವುದು 6ರಿಂದ 14 ವರ್ಷದ ಮಕ್ಕಳಿಗೆ. ಆದ್ದರಿಂದ 2024ರಲ್ಲಿ ಮಗಳು ಒಂಬತ್ತಕ್ಕೆ ಬಂದ ದಿನ ಪೂರ್ತಿ ಶುಲ್ಕದ ಪಟ್ಟಿ ನಮ್ಮ ಕೈಗೆ ಬಂತು. ಎಂಟು ವರ್ಷ ಒಟ್ಟಿಗೆ ಕೂತ ಗೆಳತಿಯರನ್ನು ಬಿಟ್ಟು ಅವಳು ಒಂದು ಅನುದಾನಿತ ಪ್ರೌಢಶಾಲೆಗೆ ಸೇರಬೇಕಾಯಿತು. ಇದನ್ನು ಸೇರಿಸುವಾಗಲೇ ಯಾರಾದರೂ ಹೇಳಿದ್ದರೆ ತಿಂಗಳಿಗೆ ಐನೂರಾದರೂ ಎತ್ತಿಡುತ್ತಿದ್ದೆವು. ಹಾಗೆಂದು ಆ ಎಂಟು ವರ್ಷ ವ್ಯರ್ಥವಾದವು ಎನ್ನಲಾರೆ. ಅಂಜಿಕೆಯಿಲ್ಲದೆ ಎದ್ದು ನಿಂತು ಪ್ರಶ್ನೆ ಕೇಳುವುದನ್ನು ಅವಳು ಕಲಿತದ್ದು ಅಲ್ಲಿಯೇ.

ಇನ್ನು ನಿಮ್ಮ ಮಗನ ವಿಷಯ. 2019ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಶಾಲೆ ಈ ಸೀಟುಗಳನ್ನು ಕೊಡಬೇಕಿಲ್ಲ ಎಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಒಪ್ಪಿತು. ಬೆಂಗಳೂರಿನಲ್ಲಿ ಸರ್ಕಾರಿ ಶಾಲೆಯಾಗಲಿ ಅನುದಾನಿತ ಶಾಲೆಯಾಗಲಿ ಇಲ್ಲದ ವಾರ್ಡು ಎಷ್ಟಿದ್ದೀತು? ಇಂಥದ್ದೇ ತಿದ್ದುಪಡಿಯನ್ನು ಮಹಾರಾಷ್ಟ್ರ ತಂದಾಗ 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ರದ್ದುಗೊಳಿಸಿತು. ಅಲ್ಲಿನ ತೀರ್ಪಿನಿಂದ ಇಲ್ಲಿನ ನಿಯಮ ತಾನಾಗಿ ಬಿದ್ದುಹೋಗುವುದಿಲ್ಲ. ಸರ್ಕಾರಿ ಶಾಲೆಗಳನ್ನು ಉಳಿಸಲು ಹೀಗೆ ಮಾಡಿದೆವು ಎಂಬ ಸಮರ್ಥನೆಯಲ್ಲಿ ನನಗೆ ಅರ್ಧ ಒಪ್ಪಿಗೆ ಇದೆ. ಖಾಸಗಿಯವರಿಗೆ ಕೊಡುವ ಹಣ ಸರ್ಕಾರಿ ಶಾಲೆಗೇ ಹೋಗಲಿ ಎನ್ನುವುದು ಸರಿ, ಆದರೆ ಅದು ನಿಜವಾಗಿಯೂ ನಿಮ್ಮ ಬೀದಿಯ ಸರ್ಕಾರಿ ಶಾಲೆಗೆ ಹೋಗಿದೆಯೇ ಎಂಬುದನ್ನು ನೀವೇ ಹೋಗಿ ನೋಡಬೇಕು.

ಹಾಗಾಗಿ ಮೊದಲು ಶಿಕ್ಷಣ ಇಲಾಖೆ ಪ್ರಕಟಿಸುವ ಪಟ್ಟಿಯಲ್ಲಿ ನಿಮ್ಮ ವಾರ್ಡಿನ ಯಾವುದಾದರೂ ಶಾಲೆ ಇದೆಯೇ ನೋಡಿ. ಇದ್ದರೆ ಅರ್ಜಿ ಹಾಕುವ ಮುನ್ನ ಆ ಶಾಲೆಯಲ್ಲಿ ಓದುತ್ತಿರುವ ಆರ್‌ಟಿಇ ಮಗುವಿನ ತಾಯಿಯೊಬ್ಬರನ್ನು ಗೇಟಿನ ಬಳಿ ಕಂಡು, ಜೂನ್‌ನಲ್ಲಿ ಎಷ್ಟು ಕಟ್ಟಿದಿರಿ ಎಂದು ಕೇಳಿ. ಇಲ್ಲದಿದ್ದರೆ ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಕಡೆ ನಡೆಯುವ, ಸರ್ಕಾರದ್ದೇ ಆದ ಕರ್ನಾಟಕ ಪಬ್ಲಿಕ್ ಶಾಲೆ ಹತ್ತಿರದಲ್ಲಿದೆಯೇ ವಿಚಾರಿಸಿ. ಇಂಗ್ಲಿಷ್ ಮಾಧ್ಯಮದ ತರಗತಿ ಅಲ್ಲಿಯೂ ಉಂಟು, ಒಂಬತ್ತನೇ ತರಗತಿಗೆ ಮಗ ಗೆಳೆಯರನ್ನು ಬಿಟ್ಟು ಹೊರಡಬೇಕಾಗಿಯೂ ಇಲ್ಲ.