ಓದುಗರ ಪ್ರಶ್ನೆ: ಕ್ರಿಸ್ತನಲ್ಲಿ ನಾನು ಯಾರು?

ಪ್ರಶ್ನೆ: ನನಗೆ 51 ವರ್ಷ. 23 ವರ್ಷ ದುಡಿದ ಕಾರ್ಖಾನೆ ಮುಚ್ಚಿತು. ಊರೆಲ್ಲ ನನ್ನನ್ನು ‘ಸೂಪರ್‌ವೈಸರ್ ಸಾರ್’ ಎನ್ನುತ್ತಿತ್ತು. ಈಗ ಯಾರಾದರೂ ‘ಏನು ಮಾಡ್ತಿದ್ದೀರಿ?’ ಎಂದು ಕೇಳಿಬಿಟ್ಟಾರೆಂದು ಆರಾಧನೆ ಮುಗಿದ ಕೂಡಲೇ ಪಕ್ಕದ ಬಾಗಿಲಿನಿಂದ ಹೊರಟುಬಿಡುತ್ತೇನೆ. ‘ನಿಮ್ಮ ಗುರುತು ಕ್ರಿಸ್ತನಲ್ಲಿದೆ’ ಎಂದು ಪ್ರಸಂಗದಲ್ಲಿ ಹೇಳುತ್ತಾರೆ. ದಿನನಿತ್ಯದಲ್ಲಿ ಅದು ಹೇಗೆ?

ಉತ್ತರ: ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯವನ್ನು ಯಾವುದು ಮೊದಲು, ಯಾವುದು ಆಮೇಲೆ ಎಂದು ಗಮನಿಸುತ್ತ ಓದಿ. ಯೇಸು ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ಪಡೆದು ನೀರಿನಿಂದ ಏಳುವಾಗ, ನೀನು ನನ್ನ ಪ್ರಿಯ ಮಗನು, ನಿನ್ನನ್ನು ಮೆಚ್ಚಿದ್ದೇನೆ ಎಂಬ ದನಿ ಕೇಳುತ್ತದೆ. ಅದು 11ನೇ ವಚನ. ಅಷ್ಟರೊಳಗೆ ಯೇಸು ಒಂದು ಬೋಧನೆ ಮಾಡಿಲ್ಲ, ಒಬ್ಬ ರೋಗಿಯನ್ನು ಗುಣಪಡಿಸಿಲ್ಲ, ಒಬ್ಬ ಶಿಷ್ಯನನ್ನೂ ಕರೆದಿಲ್ಲ. ಮೆಚ್ಚುಗೆ ಮೊದಲು ಬಂತು, ಕೆಲಸ ಆಮೇಲೆ. ನಾವು ಇದನ್ನು ತಿರುವುಮುರುವು ಮಾಡಿಕೊಂಡಿರುತ್ತೇವೆ. ಅದಕ್ಕೇ ಕೆಲಸ ಹೋದಾಗ ಮನುಷ್ಯನೇ ಹೋದಂತಾಗುತ್ತದೆ. ಅಡವಿಯಲ್ಲಿ ಸೈತಾನ ಹಿಡಿದೆಳೆದದ್ದೂ ಇದೇ ಎಳೆಯನ್ನು. ನೀನು ದೇವರ ಮಗನಾಗಿದ್ದರೆ ಈ ಕಲ್ಲುಗಳನ್ನು ರೊಟ್ಟಿಯಾಗಿಸು ಎನ್ನುತ್ತಾನೆ (ಮತ್ತಾಯ 4:3). ‘ಪ್ರಿಯ’ ಎಂಬ ಮಾತನ್ನು ಮಾತ್ರ ಎತ್ತುವುದಿಲ್ಲ.

ಇದು ಮೈಗೂಡಲು ಪ್ರಸಂಗ ಸಾಲದು, ಅಭ್ಯಾಸ ಬೇಕು. ಸಂತ ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲಿ ಕಲಿಸಿದ ಆತ್ಮಪರಿಶೋಧನೆ ನಿಮಗೆ ಸರಿಹೋದೀತು. ಅವರು ಕಟ್ಟಿದ ಜೆಸುಯಿಟ್ ಸಂಘದವರು ಮಂಗಳೂರಿಗೆ ಬಂದದ್ದು 1878ರಲ್ಲಿ. ಹತ್ತಿರದಲ್ಲಿ ಅವರ ಮನೆಯಿದ್ದರೆ ಕೇಳಿ ಕಲಿಯಿರಿ, ಪ್ರೊಟೆಸ್ಟೆಂಟರಿಗೂ ಅಡ್ಡಿಯಿಲ್ಲ. ರಾತ್ರಿ ಊಟದ ನಂತರ 15 ನಿಮಿಷ ಸಾಕು. ಮೊದಲ ಮೂರು ನಿಮಿಷ ಕೃತಜ್ಞತೆ. ‘ಎಲ್ಲಕ್ಕೂ ಸ್ತೋತ್ರ’ ಎಂದು ಮುಗಿಸಬೇಡಿ. ಇಂದು ಸಿಕ್ಕಿದ್ದನ್ನು ಹೆಸರಿಟ್ಟು ಹೇಳಿ, ಹೆಂಡತಿ ಕೊಟ್ಟ ಕಾಫಿಯನ್ನೂ. ಎರಡು ನಿಮಿಷ, ನಿಜವನ್ನು ಕಾಣುವ ಬೆಳಕಿಗಾಗಿ ಬೇಡಿಕೆ. ಬಳಿಕ ಆರು ನಿಮಿಷ ಬೆಳಗಿನಿಂದ ರಾತ್ರಿಯವರೆಗೆ ದಿನವನ್ನು ಹಿಂದಿರುಗಿ ನೋಡುವುದು: ಎಲ್ಲಿ ಮಗನಂತೆ ನಿರಾಳವಾಗಿದ್ದೆ, ಎಲ್ಲಿ ಹಳೆಯ ಹುದ್ದೆಯನ್ನು ಹೇಳಿಕೊಂಡೆ, ಎಲ್ಲಿ ತಲೆತಪ್ಪಿಸಿಕೊಂಡೆ. ಎರಡು ನಿಮಿಷ ಕ್ಷಮೆ ಕೇಳಿ. ಉಳಿದ ಎರಡರಲ್ಲಿ ನಾಳೆಗೆ ಒಂದೇ ಒಂದು ನಿರ್ಧಾರ ಮಾಡಿ, ಕರ್ತನ ಪ್ರಾರ್ಥನೆ ಹೇಳಿ ಏಳಿ. ನಿಮ್ಮ ಮೊದಲ ವಾರದ ನಿರ್ಧಾರ ಇದಾಗಲಿ: ಭಾನುವಾರ ಮುಂಬಾಗಿಲಿನಿಂದಲೇ ಹೊರಡುವುದು.

ಹೆಚ್ಚಿನವರು ಎಡವುವುದು ಕೃತಜ್ಞತೆಯನ್ನು ಬಿಟ್ಟು ನೇರ ತಪ್ಪುಗಳಿಗೆ ಇಳಿದಾಗ. ಆಗ ಅದು ಸಾಲದ ಪುಸ್ತಕವಾಗಿ, ವಾರದೊಳಗೆ ಬೇಸರ ಬಂದು ನಿಂತುಹೋಗುತ್ತದೆ. ಹಾಸಿಗೆಯಲ್ಲಿ ಮಲಗಿ ಮಾಡಿದರೆ ನಿದ್ದೆ ಬರುತ್ತದೆ, ಕುರ್ಚಿಯಲ್ಲಿ ಕೂರಿ.

ಕೆಲಸ ಹುಡುಕುವುದನ್ನು ಬಿಡಬೇಡಿ. ಪೌಲನೂ ಗುಡಾರ ಮಾಡುವ ಕಸಬಿನಿಂದ ಹೊಟ್ಟೆ ಹೊರೆದ (ಅಪೊಸ್ತಲರ ಕೃತ್ಯಗಳು 18:3). ನಿದ್ದೆ, ಹಸಿವು ಎರಡು ವಾರಕ್ಕೂ ಮೀರಿ ಕೆಟ್ಟಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಿ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ದಿನವೂ ಜಪಸರ ಹಿಡಿಯುತ್ತೇನೆ, ಭಾನುವಾರ ಪೂಜೆ ತಪ್ಪಿಸುವುದಿಲ್ಲ. ಆದರೂ ಒಳಗೆ ಏನೂ ಅನ್ನಿಸುವುದಿಲ್ಲ. ನಾನು ನಿಜವಾಗಿ ದೇವರ ಮಗಳೇ?

ಉತ್ತರ: ಹೌದಮ್ಮ. ರೋಮಾಪುರದವರಿಗೆ ಬರೆದ ಪತ್ರದ 8:15ರಲ್ಲಿ ಪೌಲ ಬಳಸಿದ ಗ್ರೀಕ್ ಪದಕ್ಕೆ ದತ್ತು ಸ್ವೀಕಾರ ಎಂದರ್ಥ. ರೋಮನ್ನರಲ್ಲಿ ದೊಡ್ಡವರನ್ನೂ ದತ್ತು ತೆಗೆದುಕೊಳ್ಳುತ್ತಿದ್ದರು. ಲೂಕ 3:1ರಲ್ಲಿ ಬರುವ ತಿಬೇರಿಯನನ್ನು ರೋಮಿನ ಚಕ್ರವರ್ತಿ ಅಗಸ್ಟಸ್ ದತ್ತು ಪಡೆದದ್ದು ಕ್ರಿ.ಶ. 4ರಲ್ಲಿ, ಅವನಿಗೆ ನಲವತ್ತು ದಾಟಿದ ಮೇಲೆ. ಅಂಥ ದತ್ತು ನಿಲ್ಲುವುದು ತಂದೆಯ ಮಾತಿನ ಮೇಲೆ. ಮಗುವಿಗೆ ಆ ದಿನ ಏನನ್ನಿಸಿತು ಎಂಬುದರ ಮೇಲಲ್ಲ. ಒಣಗಿದ ದಿನಗಳಲ್ಲಿ 88ನೇ ಕೀರ್ತನೆಯನ್ನು ನಿಮ್ಮದೇ ಮಾತೆಂಬಂತೆ ಗಟ್ಟಿಯಾಗಿ ಓದಿ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಪ್ರಾರ್ಥನೆಯೇ.

ಪ್ರಶ್ನೆ: ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎನ್ನುತ್ತೇವೆ. ಮಗಳ ಮದುವೆ ಮಾತು ಬಂದಾಗ ಸಭೆಯವರೇ ‘ಮೂಲ ಯಾವುದು?’ ಎಂದು ಜಾತಿ ಕೇಳುತ್ತಾರೆ.

ಉತ್ತರ: ನಿಮ್ಮ ನೋವು ನ್ಯಾಯವಾದದ್ದು. ಎಲ್ಲರೂ ಉಲ್ಲೇಖಿಸುವ ಗಲಾತ್ಯ 3:28ಕ್ಕೆ ಮುಂಚೆ 2:11ರಿಂದ 14 ಓದಿ. ಯೆಹೂದ್ಯರಲ್ಲದ ಅನ್ಯಜನರೊಡನೆ ಉಣ್ಣುತ್ತಿದ್ದ ಪೇತ್ರ, ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯ ಯೆಹೂದ್ಯರು ಬಂದ ಕೂಡಲೇ ಹಿಂಜರಿದು ಬೇರೆಯಾದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಪಂಕ್ತಿಭೇದ. ಪೌಲ ಅದನ್ನು ಎಲ್ಲರ ಮುಂದೆಯೇ ಖಂಡಿಸಿದ, ಅದು ಸುವಾರ್ತೆಯ ಸತ್ಯಕ್ಕೆ ಸರಿಯಾದ ನಡೆಯಲ್ಲ ಎಂದ. ಭಾಷೆ, ಊರು, ಅಡುಗೆ ಇವನ್ನು ಯಾರೂ ಬಿಡಬೇಕಿಲ್ಲ. ಪ್ರಕಟಣೆ 7:9ರಲ್ಲಿ ಸಿಂಹಾಸನದ ಮುಂದೆಯೂ ಸಕಲ ಭಾಷೆಗಳವರು ಇದ್ದಾರೆ. ಬಿಡಬೇಕಾದದ್ದು ಮೇಲು-ಕೀಳು.

ಗಲಾತ್ಯದ ಈ ಭಾಗವನ್ನು ಸಭಾಪಾಲಕರಿಗೆ ತೋರಿಸಿ, ಮದುವೆ ತರಬೇತಿಯಲ್ಲಿ ಕಲಿಸಲು ಕೇಳಿ. ಮಗಳ ಬಯೋಡೇಟಾದಲ್ಲಿ ಜಾತಿಯ ಸಾಲಿದ್ದರೆ ತೆಗೆಯಿರಿ. ಇದರಿಂದ ಬರುವ ಸಂಬಂಧಗಳು ಕಡಿಮೆಯಾಗಬಹುದು. ಆ ಮಾತನ್ನು ಮಗಳೊಡನೆ ಮೊದಲೇ ಕೂತು ಆಡಿಕೊಳ್ಳಿ.